ಗುರುವಿನ ಹುಟ್ಟುಹಬ್ಬಕ್ಕೆ ಅಂಗಡಿ ಹಾಕಿದವರು

ನಂದಲಾಲ್ ಬೋಸರು ಹುಟ್ಟಿದ್ದು ಡಿಸೆಂಬರ್ 3ರಂದು. ಅವರ ನೆನಪಿನ ಮೇಳ ನಡೆಯುವುದು ಡಿಸೆಂಬರ್ 1 ಮತ್ತು 2ರಂದು. ಹುಟ್ಟುಹಬ್ಬದ ದಿನ ಬೆಳಗಾಗುವ ಹೊತ್ತಿಗೆ ಹಬ್ಬ ಮುಗಿದಿರುತ್ತದೆ. ಅಂಗಡಿಗಳ ಬಿದಿರು, ಹಗ್ಗ ಬಿಚ್ಚುವುದಷ್ಟೇ ಬಾಕಿ. ಪಶ್ಚಿಮ ಬಂಗಾಳದ ಬೀರಭೂಮ್ ಜಿಲ್ಲೆಯ ಶಾಂತಿನಿಕೇತನದಲ್ಲಿ, ವಿಶ್ವಭಾರತಿ ವಿಶ್ವವಿದ್ಯಾಲಯದ ಕಲಾಭವನ 1973ರಿಂದ ತನ್ನ ಹಿರಿಯ ಮೇಷ್ಟ್ರನ್ನು ನೆನೆಯುತ್ತ ಬಂದಿರುವ ರೀತಿ ಇದು. ಹೆಸರು ನಂದನ ಮೇಳ. ನಂದಲಾಲರ ಹೆಸರೂ ಇಂದ್ರನ ತೋಟದ ಹೆಸರೂ ಅದರಲ್ಲಿ ಒಂದಾಗಿ ಕೇಳಿಸುತ್ತವೆ.

ನಮ್ಮ ಕಡೆ ಜಯಂತಿ ಎಂದರೆ ಹೇಗಿರುತ್ತದೆ ಎಂದು ಓದುಗರಿಗೆ ಹೇಳಬೇಕಾಗಿಲ್ಲ. ಭಾವಚಿತ್ರ, ಹಾರ, ಪ್ರಾಸ್ತಾವಿಕ ನುಡಿ, ಊಟದ ಹೊತ್ತು ಮೀರಿದರೂ ಮುಗಿಯದ ಅಧ್ಯಕ್ಷ ಭಾಷಣ. ಕಲಾಭವನದವರು ಅಂಗಡಿ ಹಾಕಿದರು. ವಿದ್ಯಾರ್ಥಿಗಳೂ ಅಧ್ಯಾಪಕರೂ ಕೈಯಾರೆ ಮಾಡಿದ ವಸ್ತುಗಳನ್ನು ಜೋಡಿಸಿಟ್ಟು, ತಾವೇ ನಿಂತು ಮಾರಿ, ಬಂದ ದುಡ್ಡನ್ನು ವಿದ್ಯಾರ್ಥಿಗಳ ಕಷ್ಟಕಾಲಕ್ಕೆಂದು ಇರುವ ನಿಧಿಗೆ ಹಾಕುವ ಏರ್ಪಾಡು. ಹೀಗೆ ಮಾಡೋಣ ಎಂದು ಮುಂದೆ ನಿಂತ ಅಂದಿನ ಪ್ರಾಂಶುಪಾಲರು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಅವರ ಹೆಸರು ದಿನಕರ ಕೌಶಿಕ್. ಅವರನ್ನು ನೆನೆಯುವುದರಲ್ಲಿ ಕನ್ನಡದವರಾದ ನಾವು ಸ್ವಲ್ಪ ಸೋಮಾರಿಗಳಾಗಿದ್ದೇವೆ.

ಸ್ಮರಣ ಸಂಚಿಕೆಗೆ ಸಂಸ್ಥೆಯ ಚರಿತ್ರೆ ಬರೆಯಲು ಕೂತವನಿಗೆ ಸಾಮಾನ್ಯವಾಗಿ ಏನಾದರೂ ಆಧಾರ ಸಿಗುತ್ತದೆ: ಶಂಕುಸ್ಥಾಪನೆಯ ಕಲ್ಲು, ನಡಾವಳಿ ಪುಸ್ತಕ, ಸಾಲಾಗಿ ತೂಗುಹಾಕಿದ ಪ್ರಾಂಶುಪಾಲರ ಫೋಟೊಗಳು. ಎರಡು ದಿನ ನಿಂತು ಮೂರನೆಯ ದಿನ ಬಿಚ್ಚಿಹೋಗುವ ಮೇಳಕ್ಕೆ ಶಿಲಾಫಲಕವನ್ನು ಎಲ್ಲಿ ನೆಡುವುದು? ಅದರ ಚರಿತ್ರೆಯನ್ನು ಆ ಜಾಗದ ಕೈಗಳ ಅಭ್ಯಾಸದಲ್ಲಿ ಹುಡುಕಬೇಕು. ಹುಡುಕುತ್ತ ಹೊರಟರೆ 1973ರಿಂದ ಇನ್ನೂ ಐವತ್ತು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಕಲಾಭವನಕ್ಕೆ ತನ್ನ ವಿಶ್ವವಿದ್ಯಾಲಯಕ್ಕಿಂತ ಎರಡು ವರ್ಷ ಹೆಚ್ಚು ವಯಸ್ಸು. ರವೀಂದ್ರನಾಥ ಠಾಕೂರರು ಅದನ್ನು ಶುರು ಮಾಡಿದ್ದು 1919ರಲ್ಲಿ. ವಿಶ್ವಭಾರತಿ ವಿಧ್ಯುಕ್ತವಾಗಿ ತೆರೆದದ್ದು 1921ರ ಡಿಸೆಂಬರಿನಲ್ಲಿ. ನಂದಲಾಲ್ ಬೋಸರು 1882ರಲ್ಲಿ ಬಿಹಾರದ ಖರಗ್‌ಪುರದಲ್ಲಿ ಹುಟ್ಟಿ, ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತವರು. ಮೈಸೂರು ಅರಸರ ನೆರವಿನಿಂದ ಹೋದ ನಮ್ಮ ಕೆ. ವೆಂಕಟಪ್ಪನವರೂ ಅದೇ ಗುರುವಿನ ಶಿಷ್ಯರು. ಗುರುವಿನ ಜೊತೆ ಈ ಇಬ್ಬರ ಚಿತ್ರಗಳೂ ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಬರೆದ ಪುರಾಣಕಥೆಗಳ ಪುಸ್ತಕದಲ್ಲಿ ಅಚ್ಚಾದವು. ಆಮೇಲೆ ದಾರಿಗಳು ಬೇರೆಯಾದವು. ವೆಂಕಟಪ್ಪನವರು ಬೆಂಗಳೂರಿನಲ್ಲಿ ಋಷಿಯಂತೆ ಒಂಟಿಯಾಗಿ ಕೂತು ತಪಸ್ಸು ಮಾಡಿದರು. ನಂದಲಾಲರು ಶಾಂತಿನಿಕೇತನದ ಕೆಂಪು ಮಣ್ಣಿಗೆ ಹೋಗಿ ಮಕ್ಕಳ ನಡುವೆ ಕೂತರು. ಯಾರು ದೊಡ್ಡ ಕಲಾವಿದರು ಎಂಬ ಜಗಳ ಇಲ್ಲಿ ಬೇಡ. ಆದರೆ ಮೇಳ ಹುಟ್ಟುವುದು ಎರಡನೆಯ ದಾರಿಯಲ್ಲಿ ಮಾತ್ರ.

ಶಾಂತಿನಿಕೇತನದಲ್ಲಿ ಮೇಷ್ಟ್ರುಗಳನ್ನು ಹೆಸರಿನ ಕೊನೆಗೆ ‘ದಾ’ ಹಚ್ಚಿ ಕರೆಯುವುದು ವಾಡಿಕೆ. ದಾ ಎಂದರೆ ಅಣ್ಣ. ಶಿಲ್ಪಿ ರಾಮಕಿಂಕರ್ ಬೈಜ್ ಎಲ್ಲರ ಬಾಯಲ್ಲೂ ಕಿಂಕರ್‌ದಾ; ಕೆ.ಜಿ. ಸುಬ್ರಹ್ಮಣ್ಯನ್ ಮಾನಿದಾ. ನಂದಲಾಲರು ಮಾತ್ರ ‘ಮಾಸ್ಟರ್‌ಮೊಶಾಯ್’, ಅಂದರೆ ಮೇಷ್ಟ್ರು. ಆದರೆ ಈ ಮೇಷ್ಟ್ರು ಕುರ್ಚಿಯ ಮೇಲೆ ಕೂತು ತಿದ್ದಿದವರಲ್ಲ. 1920ರ ದಶಕದ ಆರಂಭದಿಂದ 1951ರಲ್ಲಿ ನಿವೃತ್ತರಾಗುವವರೆಗೆ ಅವರು ಕಲಾಭವನವನ್ನು ನಡೆಸಿದ ಕ್ರಮವೆಂದರೆ ಹುಡುಗರ ಪಕ್ಕದಲ್ಲೇ ಚಾಪೆ ಹಾಕಿಕೊಂಡು ತನ್ನ ಕೆಲಸ ತಾನು ಮಾಡುವುದು. ಗೋಡೆಗೆ ಭಿತ್ತಿಚಿತ್ರ ಬರೆಯುವಾಗ ಹುಡುಗರೂ ಅಟ್ಟಣಿಗೆ ಹತ್ತುತ್ತಿದ್ದರು. ವಸಂತೋತ್ಸವಕ್ಕೆ, ವರ್ಷಾಮಂಗಲಕ್ಕೆ, ಗಿಡ ನೆಡುವ ಹಬ್ಬಕ್ಕೆ ನೆಲದ ಮೇಲೆ ಆಲ್ಪನಾ ಬಿಡಿಸುವುದು ಪಾಠದ್ದೇ ಭಾಗ. ಆಲ್ಪನಾ ಬಂಗಾಳದ ರಂಗೋಲಿ. ಅಕ್ಕಿಹಿಟ್ಟನ್ನು ಕಲಸಿ ಬೆರಳಿನಿಂದ ಎಳೆಯುತ್ತಾರೆ. ನಂದಲಾಲರ ಮಗಳು ಗೌರಿ ಭಂಜರು ಆಲ್ಪನಾವನ್ನೂ ಬಾಟಿಕ್ಕನ್ನೂ ತಲೆಮಾರುಗಳಿಗೆ ಕಲಿಸಿದರು. ಚಿತ್ರ ದೊಡ್ಡದು, ಹೊಲಿಗೆ ಕಸೂತಿ ಸಣ್ಣದು ಎಂಬ ಭೇದ ಅಲ್ಲಿ ನೆಲೆ ನಿಲ್ಲಲಿಲ್ಲ. ಸಂವಿಧಾನದ ಮೂಲ ಪ್ರತಿಯ ಪುಟಗಳನ್ನು ಅಲಂಕರಿಸುವ ಕೆಲಸ ಬಂದಾಗಲೂ ನಂದಲಾಲರು ಶಿಷ್ಯರನ್ನು ಕೂರಿಸಿಕೊಂಡೇ ಅದನ್ನು ಮಾಡಿದರು.

ಮೇಳದ ಬೇರು ಇನ್ನೊಂದು ಕಡೆಯೂ ಇದೆ, ರಾಜಕೀಯದಲ್ಲಿ. 1936ರ ಡಿಸೆಂಬರಿನಲ್ಲಿ ಕಾಂಗ್ರೆಸ್ ತನ್ನ ಅಧಿವೇಶನವನ್ನು ಮೊದಲ ಬಾರಿಗೆ ಹಳ್ಳಿಯೊಂದರಲ್ಲಿ, ಮಹಾರಾಷ್ಟ್ರದ ಫೈಜ್‌ಪುರದಲ್ಲಿ, ನಡೆಸಿತು. ಅದರ ಚಪ್ಪರ, ದ್ವಾರ, ವಸ್ತುಪ್ರದರ್ಶನಗಳ ಹೊಣೆಯನ್ನು ಗಾಂಧೀಜಿ ನಂದಲಾಲರಿಗೆ ಕೊಟ್ಟರು. ನಾನು ಚಿತ್ರ ಬರೆಯುವವನು, ಕಟ್ಟಡ ಕಟ್ಟುವವನಲ್ಲ ಎಂದು ನಂದಲಾಲರು ಹಿಂಜರಿದರೂ ಗಾಂಧೀಜಿ ಬಿಡಲಿಲ್ಲ. ಸುತ್ತಮುತ್ತ ಸಿಗುವ ಬಿದಿರು, ಹುಲ್ಲು, ಚಾಪೆಗಳಲ್ಲೇ ಎಲ್ಲವೂ ಎದ್ದು ನಿಂತಿತು. ಆಮೇಲೆ 1938ರಲ್ಲಿ ಗುಜರಾತಿನ ಹರಿಪುರದ ಅಧಿವೇಶನ. ಈ ಸಲ ಅವರು ಸುಮಾರು 400 ಭಿತ್ತಿಪತ್ರಗಳನ್ನು ಮಾಡಿಸಿದರು. ಮೂಲ ರಚನೆಗಳು ಅವರವು. ಅವುಗಳ ಪ್ರತಿಗಳನ್ನು ತೆಗೆದು ರಾಶಿ ಮಾಡಿದವರು ಕಲಾಭವನದ ವಿದ್ಯಾರ್ಥಿಗಳು ಮತ್ತು ಜೊತೆಗಾರರು. ಭಿತ್ತಿಪತ್ರಗಳ ಮೇಲೆ ಡೋಲು ಬಾರಿಸುವವ, ದರ್ಜಿ, ಚಮ್ಮಾರ, ಕುಸ್ತಿಯ ಪೈಲ್ವಾನ. ದಾರಿಯಲ್ಲಿ ನಡೆದುಹೋಗುವ ರೈತ ತಲೆ ಎತ್ತಿ ನೋಡಿದರೆ ತನ್ನನ್ನೇ ಕಾಣಬೇಕು. ಬೇಗ ಮಾಡು, ಅಗ್ಗದಲ್ಲಿ ಮಾಡು, ಎಲ್ಲರೂ ಸೇರಿ ಮಾಡು, ಹಾಗೆಂದು ಕೆಡಿಸಬೇಡ: ಹರಿಪುರದಲ್ಲಿ ನಡೆದ ಕೆಲಸದ ಧಾಟಿ ಅದು. ನಂದನ ಮೇಳದ ಅಂಗಡಿಗಳಲ್ಲಿ ನಾನು ಕಂಡ ಧಾಟಿಯೂ ಅದೇ.

ಕಲೆ ಶ್ರೀಮಂತರ ದಿವಾನಖಾನೆಯ ಸೊತ್ತು ಎಂಬ ಮಾತನ್ನು ನಂದಲಾಲರು ಒಪ್ಪುತ್ತಿರಲಿಲ್ಲ. ಶಿಕ್ಷಣದಲ್ಲಿ ಕಲೆಯ ಸ್ಥಾನವನ್ನು ಕುರಿತು ಬರೆಯುತ್ತ ಅವರು ಸಂತಾಲ ಬುಡಕಟ್ಟಿನವರ ಗುಡಿಸಲಿನ ಅಚ್ಚುಕಟ್ಟನ್ನು ಓದಿದ ಹುಡುಗರ ಹಾಸ್ಟೆಲ್ ಕೋಣೆಯ ಅಸ್ತವ್ಯಸ್ತದ ಪಕ್ಕದಲ್ಲಿಟ್ಟು ತೋರಿಸುತ್ತಾರೆ. ಬಡತನಕ್ಕೂ ಕುರೂಪಕ್ಕೂ ಸಂಬಂಧ ಕಟ್ಟಬೇಡಿ ಎಂಬುದು ತಾತ್ಪರ್ಯ. ಅವರೇ 1930ರಲ್ಲಿ ರವೀಂದ್ರರ ಮಕ್ಕಳ ಪುಸ್ತಕ ‘ಸಹಜ ಪಾಠ’ಕ್ಕೆ ಕಪ್ಪು ಬಿಳುಪಿನ ಲಿನೊ ಚಿತ್ರಗಳನ್ನು ಕೆತ್ತಿಕೊಟ್ಟರು. ಬಂಗಾಳದ ಲಕ್ಷಾಂತರ ಮಕ್ಕಳು ಅಕ್ಷರ ಕಲಿಯುವ ಮೊದಲೇ ನಂದಲಾಲರ ಗೆರೆಯನ್ನು ಕಂಡರು, ಅದು ಯಾರ ಗೆರೆ ಎಂದು ಗೊತ್ತಿಲ್ಲದೆ. ಗೆಳೆಯರಿಗೆ, ಶಿಷ್ಯರಿಗೆ ಕಾಗದ ಬರೆಯುವಾಗಲೂ ಅಂಚೆ ಕಾರ್ಡಿನ ಮೇಲೆ ಒಂದು ಮರವನ್ನೋ ಮೇಕೆಯನ್ನೋ ಎಳೆದು ಕಳಿಸುವುದು ಅವರ ರೂಢಿ.

ಇನ್ನು ಕೌಶಿಕರ ಮಾತು. 1918ರಲ್ಲಿ ಹುಟ್ಟಿದ ಅವರು 1940ರ ಸುಮಾರಿಗೆ ಕಲಾಭವನದ ವಿದ್ಯಾರ್ಥಿಯಾಗಿದ್ದರು. ಆಗ ಅಲ್ಲಿದ್ದ ಒಬ್ಬ ಎತ್ತರದ ಹುಡುಗನ ಹೆಸರು ಸತ್ಯಜಿತ್ ರಾಯ್. ಕೌಶಿಕ್, ರಾಯ್ ಮತ್ತು ಇನ್ನಿಬ್ಬರು ಗೆಳೆಯರು ರೈಲು ಹತ್ತಿ ಅಜಂತಾ, ಎಲ್ಲೋರಾ, ಸಾಂಚಿ, ಖಜುರಾಹೊಗಳನ್ನು ಸುತ್ತಿ ಬಂದದ್ದು ರಾಯ್ ಅವರ ಜೀವನಚರಿತ್ರೆಗಳಲ್ಲಿ ದಾಖಲಾಗಿದೆ. ಇವರಿಗೆಲ್ಲ ಕಲಿಸಿದ ಬಿನೋದ್‌ಬಿಹಾರಿ ಮುಖರ್ಜಿಯವರು 1950ರ ದಶಕದಲ್ಲಿ ಕಣ್ಣು ಕಳೆದುಕೊಂಡರು. ಅವರ ಮೇಲೆ 1972ರಲ್ಲಿ ರಾಯ್ ಒಂದು ಸಾಕ್ಷ್ಯಚಿತ್ರ ಮಾಡಿದರು. ಅದರ ಮರುವರ್ಷವೇ ನಂದನ ಮೇಳ. ಒಂದೇ ಕಲಾಭವನದ ಇಬ್ಬರು ಹಳೆಯ ವಿದ್ಯಾರ್ಥಿಗಳು, ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ತಂತಮ್ಮ ಮೇಷ್ಟ್ರ ಋಣವನ್ನು ತಂತಮ್ಮ ರೀತಿಯಲ್ಲಿ ತೀರಿಸುತ್ತಿದ್ದರು.

ಕೌಶಿಕರು ಪ್ರಾಂಶುಪಾಲರಾಗಿ ಬಂದದ್ದು 1967ರಲ್ಲಿ. ನಂದಲಾಲರು ಹಿಂದಿನ ವರ್ಷ, 1966ರ ಏಪ್ರಿಲಿನಲ್ಲಿ, ತೀರಿಕೊಂಡಿದ್ದರು. 1951ರಲ್ಲೇ ವಿಶ್ವಭಾರತಿ ಕೇಂದ್ರ ವಿಶ್ವವಿದ್ಯಾಲಯವಾಗಿತ್ತು. ಅನುದಾನದ ಜೊತೆಗೆ ನಿಯಮಗಳೂ ಬಂದವು. ಆಶ್ರಮದ ಮರದ ನೆರಳಲ್ಲಿ ನಡೆಯುತ್ತಿದ್ದದ್ದು ಪದವಿ, ಹಾಜರಿ, ಪರೀಕ್ಷೆಗಳ ಲೆಕ್ಕಕ್ಕೆ ಸಿಕ್ಕಿತು. ಹಳೆಯ ಶೈಲಿ ಹಳಸುವ, ಹೊಸದು ಹುಟ್ಟದ ಕಾಲ ಎಲ್ಲ ಸಂಸ್ಥೆಗಳಿಗೂ ಬರುತ್ತದೆ. ಕೌಶಿಕರು ಹೊಸ ನೀರು ಹರಿಸಿದರು. ಶಿಲ್ಪಕ್ಕೆ ಶರ್ಬರಿ ರಾಯ್‌ಚೌಧುರಿ ಮತ್ತು ಅಜಿತ್ ಚಕ್ರವರ್ತಿ, ಗ್ರಾಫಿಕ್ಸ್‌ಗೆ ಸೋಮನಾಥ ಹೋರ್, ಜೊತೆಗೆ ಸನತ್ ಕರ್, ಲಾಲುಪ್ರಸಾದ್ ಶಾ, ಹೀಗೆ ತಮಗಿಂತ ಬೇರೆ ರೀತಿ ಕೆಲಸ ಮಾಡುವವರನ್ನು ಕರೆತಂದರು. ಇದು ಸುಲಭದ ಕೆಲಸ ಅಲ್ಲ. ನಂದಲಾಲರ ಸಂಸ್ಥೆಗೆ, ನಂದಲಾಲರ ಶಿಷ್ಯನೇ, ನಂದಲಾಲರ ಶೈಲಿಯವರಲ್ಲದವರನ್ನು ತರಬೇಕು. ಹಾಗೆ ತಂದವರು ಮೇಷ್ಟ್ರನ್ನು ಮರೆತರು ಎಂಬ ಮಾತು ಬರುವ ಮೊದಲೇ ಅವರ ಹೆಸರಲ್ಲಿ ಮೇಳ ಹೂಡಿದ್ದರಲ್ಲಿ ಕೌಶಿಕರ ಜಾಣತನವೂ ಇರಬಹುದು ಎಂದು ನನಗೆ ಅನ್ನಿಸಿದೆ. ಇದು ನನ್ನ ಊಹೆ ಮಾತ್ರ. ಶೈಲಿಯಲ್ಲಿ ಗುರುವನ್ನು ಹಿಂಬಾಲಿಸಬೇಕಾಗಿಲ್ಲ, ಕೆಲಸ ಮಾಡುವ ಬಗೆಯಲ್ಲಿ ಹಿಂಬಾಲಿಸಿದರೆ ಸಾಕು ಎಂಬುದನ್ನು ಮೇಳ ಯಾರಿಗೂ ಉಪದೇಶ ಮಾಡದೆ ಹೇಳಿತು. ಗುರುವಿನ ಬಗ್ಗೆ ಬರೆಯುವ ಕೆಲಸವನ್ನೂ ಕೌಶಿಕರು ಬಿಡಲಿಲ್ಲ. ನ್ಯಾಷನಲ್ ಬುಕ್ ಟ್ರಸ್ಟಿಗಾಗಿ ಅವರು ಬರೆದ ನಂದಲಾಲರ ಪರಿಚಯ ಪುಸ್ತಕ 1985ರಲ್ಲಿ ಬಂತು.

ಮೇಳದ ಲೆಕ್ಕಾಚಾರ ಬಹಳ ಸರಳ. ಚಿತ್ರಕಲೆ, ಶಿಲ್ಪ, ಗ್ರಾಫಿಕ್ಸ್, ವಿನ್ಯಾಸ, ಕಲಾ ಇತಿಹಾಸ: ಒಂದೊಂದು ವಿಭಾಗಕ್ಕೂ ತನ್ನದೇ ಅಂಗಡಿ. ಅಂಗಡಿ ಕಟ್ಟುವುದೇ ಮೊದಲ ಕಲಾಕೃತಿ. ಬಿದಿರು, ಹುಲ್ಲು, ಗೋಣಿತಾಟು, ಮಣ್ಣು, ಹಳೆಯ ಕಾಗದ, ಯಾವುದು ಸಿಕ್ಕಿದರೆ ಅದು. ನವೆಂಬರ್ ಬಂತೆಂದರೆ ತರಗತಿಗಳು ಕಾರ್ಖಾನೆಗಳಾಗುತ್ತವೆ. ರಾತ್ರಿ ದೀಪ ಆರುವುದಿಲ್ಲ. ಗ್ರಾಫಿಕ್ಸ್‌ನವರಿಗೆ ಇದು ಹೇಳಿ ಮಾಡಿಸಿದ ಹಬ್ಬ. ಎಚಿಂಗ್, ಲಿಥೊ, ಮರದಚ್ಚು ಯಾವುದೇ ಆಗಲಿ, ಒಂದು ಅಚ್ಚಿನಿಂದ ಹತ್ತಾರು ಪ್ರತಿ ತೆಗೆಯಬಹುದು, ಬೆಲೆ ಇಳಿಸಬಹುದು. ವಿನ್ಯಾಸದವರ ಕಡೆ ಬಾಟಿಕ್ ಬಟ್ಟೆ, ನೇಯ್ಗೆ, ಪಿಂಗಾಣಿ ಬಟ್ಟಲು. ಶಿಲ್ಪದವರ ಕಡೆ ಸುಟ್ಟ ಮಣ್ಣಿನ ಗೊಂಬೆ, ಆಭರಣ, ಲೋಹದ ಸಣ್ಣ ಸಣ್ಣ ಪ್ರಾಣಿಗಳು. ಕೈಯಲ್ಲೇ ಹೊಲಿದು ಕಟ್ಟಿದ ಡೈರಿಗಳಿಗೆ, ಮುಂದಿನ ವರ್ಷದ ಕ್ಯಾಲೆಂಡರಿಗೆ ಎಲ್ಲಿಲ್ಲದ ನೂಕುನುಗ್ಗಲು. ತಿಂಡಿಯ ಅಂಗಡಿಯೂ ಹುಡುಗರದೇ. ಸಂಜೆ ಹಾಡು, ನಾಟಕ, ಅಲೆಮಾರಿ ಹಾಡುಗಾರರಾದ ಬಾವುಲರ ಏಕತಾರಿ.

ಅಧ್ಯಾಪಕರ ಪಾಲು ಇಲ್ಲಿ ಉದ್ಘಾಟನೆಗೆ ಬಂದು ಟೇಪು ಕತ್ತರಿಸುವುದಕ್ಕೆ ನಿಲ್ಲುವುದಿಲ್ಲ. ಗ್ಯಾಲರಿಯಲ್ಲಿ ಕೃತಿಗಳಿಗೆ ದೊಡ್ಡ ಬೆಲೆ ಬರುವ ಮೇಷ್ಟ್ರುಗಳೂ ಮೇಳಕ್ಕೆಂದು ಚಿಕ್ಕ ಚಿತ್ರ, ಮುದ್ರಣ, ಬಣ್ಣ ಬರೆದ ಮಣ್ಣಿನ ತಟ್ಟೆಗಳನ್ನು ಮಾಡಿಕೊಡುತ್ತಾರೆ. ಆವಿಗೆ ಉರಿಸುವ, ಮಗ್ಗ ನೋಡಿಕೊಳ್ಳುವ ಸಿಬ್ಬಂದಿ ಕೈಜೋಡಿಸದೆ ಯಾವ ಅಂಗಡಿಯೂ ತುಂಬುವುದಿಲ್ಲ. ಗಿರಾಕಿಗೆ ಮಾತ್ರ ಇದು ಯಾರದು, ಅದು ಯಾರದು ಎಂಬ ಗೊಂದಲ. ಎರಡನೆಯ ವರ್ಷದ ಹುಡುಗಿ ಮಾಡಿದ ಬಟ್ಟಲಿನ ಪಕ್ಕದಲ್ಲೇ ಹೆಸರಾಂತ ಕಲಾವಿದರ ರೇಖಾಚಿತ್ರ ಕೂತಿರುತ್ತದೆ. ಕಲ್ಕತ್ತೆಯಿಂದ ಬಂದ ಜಾಣ ಸಂಗ್ರಾಹಕರು ಮೊದಲ ದಿನವೇ ಅದನ್ನು ಎತ್ತಿಕೊಂಡು ಹೋಗುತ್ತಾರೆ. ನಮ್ಮಂಥವರು ಬಟ್ಟಲು ಕೊಳ್ಳುತ್ತೇವೆ.

ಬಂದ ಹಣ ಮಾಡಿದವರ ಜೇಬಿಗೆ ಹೋಗುವುದಿಲ್ಲ ಎಂಬಲ್ಲಿ ಮೇಳದ ಜೀವ ಇದೆ. ಕಾಯಿಲೆ ಬಿದ್ದ ವಿದ್ಯಾರ್ಥಿಗೆ, ಶುಲ್ಕ, ಬಣ್ಣಕ್ಕೆ ದುಡ್ಡಿಲ್ಲದ ವಿದ್ಯಾರ್ಥಿಗೆ ಒದಗಬೇಕೆಂದು ಕೂಡಿಟ್ಟ ನಿಧಿ ಅದು. ಕಲಾಭವನಕ್ಕೆ ಬರುವ ಎಷ್ಟೋ ಮಕ್ಕಳು ಹಳ್ಳಿಗಳವರು. ಚಿತ್ರ ಕಲಿಯಲು ಕಳಿಸಿದ್ದೇ ದೊಡ್ಡದು ಎನ್ನುವ ಮನೆಗಳವರು. ಅಂಥವರಿಗೆ ಸಿಗುವ ನೆರವು ದಾನಿಯ ಹೆಸರು ಕೆತ್ತಿದ ದತ್ತಿಯಾಗಿರದೆ ಸಹಪಾಠಿಗಳ ಬೆವರಿನದಾಗಿದ್ದರೆ ಕೈಚಾಚುವ ಸಂಕೋಚ ಕಡಿಮೆ. ಹೋದ ಸಲ ತಾನೂ ರಾತ್ರಿಯಿಡೀ ಕೂತು ಡೈರಿ ಹೊಲಿದಿರುತ್ತಾನಲ್ಲ. ಕನ್ನಡದ ಓದುಗನಿಗೆ ಇದನ್ನು ಕೇಳಿದ ಕೂಡಲೇ ಎರಡು ಶಬ್ದ ನೆನಪಾಗುತ್ತವೆ: ಕಾಯಕ, ದಾಸೋಹ. ಧಾರವಾಡದ ನೆಲದಲ್ಲಿ ಹುಟ್ಟಿದ ಕೌಶಿಕರ ಮನಸ್ಸಿನಲ್ಲಿ ಅವು ಇದ್ದವೆಂದು ನಾನು ಹೇಳಲಾರೆ. ಅವರು ಬೆಳೆದದ್ದು, ದುಡಿದದ್ದು ಬೇರೆ ಊರುಗಳಲ್ಲಿ. ಆದರೆ ನಂದನ ಮೇಳವನ್ನು ಕನ್ನಡದಲ್ಲಿ ವಿವರಿಸಲು ಇವಕ್ಕಿಂತ ಒಳ್ಳೆಯ ಶಬ್ದ ನನಗೆ ಸಿಕ್ಕಿಲ್ಲ.

ಇಂಥ ಮೇಳ ಮಾಡಿದವರಲ್ಲಿ ಕಲಾಭವನ ಮೊದಲನೆಯದಲ್ಲ ಎಂಬುದನ್ನೂ ಹೇಳಿಬಿಡಬೇಕು. ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗ 1961ರಲ್ಲೇ ತನ್ನ ಫೈನ್ ಆರ್ಟ್ಸ್ ಫೇರ್ ಶುರು ಮಾಡಿತ್ತು. ಅಲ್ಲಿ ಅದಕ್ಕೆ ಹುರುಪು ತುಂಬಿದವರಲ್ಲಿ ಮುಖ್ಯರು ಕೆ.ಜಿ. ಸುಬ್ರಹ್ಮಣ್ಯನ್. ಮರದ ಮಣಿ, ತೊಗಲಿನ ಚೂರು, ಹುರಿಗಳಿಂದ ಅವರು ಮಾಡಿದ ಆಟಿಕೆಗಳು ಇಂದು ಕಲಾಚರಿತ್ರೆಯ ಪುಸ್ತಕಗಳಲ್ಲಿವೆ. ಆಗ ಮಕ್ಕಳ ಕೈಯಲ್ಲಿದ್ದವು. ಆದರೆ ಸುಬ್ರಹ್ಮಣ್ಯನ್ 1944ರಲ್ಲಿ ಕಲಾಭವನಕ್ಕೆ ಸೇರಿ ನಂದಲಾಲರ ಕೈಕೆಳಗೆ ಕಲಿತವರು. ಬರೋಡದ ಶಿಲ್ಪ ವಿಭಾಗ ಕಟ್ಟಿದ ಶಂಖೋ ಚೌಧುರಿ ರಾಮಕಿಂಕರರ ಶಿಷ್ಯರು. ಹೀಗಾಗಿ ಬೀಜ ಶಾಂತಿನಿಕೇತನದ್ದು, ಮೊದಲ ಫಸಲು ಬರೋಡದ್ದು, ಆಮೇಲೆ ಅದೇ ಬೆಳೆ ತವರಿಗೆ ಮರಳಿತು ಎನ್ನಬಹುದು. 1980ರಲ್ಲಿ ಸುಬ್ರಹ್ಮಣ್ಯನ್ ತಾವೇ ಕಲಾಭವನಕ್ಕೆ ಮರಳಿ ಬಂದರು. ಈಗ ಅಲ್ಲಿಗೆ ಹೋದವರು ಮೊದಲು ನಿಂತು ನೋಡುವುದು ಅವರು ಇಡೀ ಕಟ್ಟಡದ ಗೋಡೆಗಳ ಮೇಲೆ ಕಪ್ಪು ಬಿಳುಪಿನಲ್ಲಿ ಬರೆದ ಚಿತ್ರವನ್ನು.

ಎಲ್ಲವೂ ಚೆಂದ ಎಂದು ಬರೆದರೆ ಸ್ಮರಣ ಸಂಚಿಕೆಗೆ ಒಪ್ಪಬಹುದು, ಸತ್ಯಕ್ಕೆ ಒಪ್ಪುವುದಿಲ್ಲ. ಮೇಳ ಬೆಳೆದಂತೆ ಜನ ಹೆಚ್ಚಿದರು. ಈಗ ಸಂಜೆ ಹೊತ್ತು ಅಂಗಡಿಯ ಹತ್ತಿರ ಸುಳಿಯುವುದೇ ಕಷ್ಟ. ನೋಡುವವರಿಗಿಂತ ಫೋನ್ ಎತ್ತಿ ಹಿಡಿದವರು ಹೆಚ್ಚು. ಮಾರಾಟವಾಗುವುದನ್ನೇ ಮಾಡೋಣ ಎಂಬ ಆಸೆ ಹುಡುಗರಿಗೆ ಬಂದರೆ ತಪ್ಪೇನು? ಆದರೆ ಹಾಗೆ ಬಂದಾಗ ಹೋದ ವರ್ಷದ ಗೂಬೆಯೇ ಈ ವರ್ಷವೂ ಬಣ್ಣ ಬದಲಿಸಿ ಕೂತಿರುತ್ತದೆ. ಹತ್ತಿರದ ಸೋನಾಝುರಿ ಕಾಡಂಚಿನ ಹಾಟ್, ಅಂದರೆ ಸಂತೆ, ಚಿಕ್ಕದಾಗಿ ಹುಟ್ಟಿ ಪ್ರವಾಸಿಗಳ ಪೇಟೆಯೇ ಆಗಿಬಿಟ್ಟಿದೆ. ಶಾಂತಿನಿಕೇತನದ ಹೆಸರಿನ ಚೀಲ, ಸೀರೆ ಎಲ್ಲೆಲ್ಲೋ ತಯಾರಾಗಿ ಅಲ್ಲಿಗೆ ಬರುತ್ತವೆ ಎಂದು ಊರವರೇ ಗೊಣಗುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ಶಾಂತಿನಿಕೇತನವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಜನ ಕಡಿಮೆಯಾಗುವ ಮಾತಂತೂ ಇಲ್ಲ. ಇಷ್ಟರ ನಡುವೆಯೂ ನಂದನ ಮೇಳ ಪೇಟೆಯಾಗದೆ ಉಳಿದಿದ್ದರೆ ಅದಕ್ಕೆ ಕಾರಣ ಆದರ್ಶಕ್ಕಿಂತ ಏರ್ಪಾಡು: ವರ್ಷಕ್ಕೆ ಎರಡೇ ದಿನ, ಮತ್ತು ಮಾರುವವನಿಗೆ ಲಾಭವಿಲ್ಲ.

ಕಲಾಭವನದ ಆವರಣದಲ್ಲಿ ಕಾಲೋ ಬಾಡಿ, ಅಂದರೆ ಕರಿಮನೆ, ಎಂಬ ಒಂದು ಕಟ್ಟಡ ಇದೆ. 1930ರ ದಶಕದಲ್ಲಿ ನಂದಲಾಲರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳೇ ಮಣ್ಣಿನಿಂದ ಕಟ್ಟಿ, ಮೈತುಂಬ ಉಬ್ಬುಶಿಲ್ಪ ಮಾಡಿ, ಮಳೆಗೆ ಕರಗದಿರಲೆಂದು ಡಾಂಬರು ಬಳಿದ ಹಾಸ್ಟೆಲ್. ಮಣ್ಣಿನ ಮನೆಯಾದ್ದರಿಂದ ಆಗಾಗ ಬಳಿಯುತ್ತಲೇ ಇರಬೇಕು; ಬಳಿಯುವುದನ್ನು ನಿಲ್ಲಿಸಿದರೆ ಉಬ್ಬುಶಿಲ್ಪವೂ ಇಲ್ಲ, ಮನೆಯೂ ಇಲ್ಲ. ಮೇಳವನ್ನೂ ಪ್ರತಿ ವರ್ಷ ಹೊಸ ಹುಡುಗರು ಹೊಸದಾಗಿ ಕಟ್ಟಬೇಕು. ಹಿಂದಿನ ಸಲ ಕಟ್ಟಿದವರು ಅಷ್ಟರಲ್ಲಿ ಪದವಿ ಮುಗಿಸಿ ಊರಿಗೆ ಹೋಗಿರುತ್ತಾರೆ. ಹಗ್ಗದ ಗಂಟು ಹಾಕುವುದನ್ನು ಮಾತ್ರ ಕಿರಿಯರಿಗೆ ತೋರಿಸಿ ಹೋಗಿರುತ್ತಾರೆ.

ಕೌಶಿಕರು 2011ರಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ಧಾರವಾಡದಲ್ಲಿ ಏನಾದರೂ ಆಗಬೇಕು ಎಂದು ಹೇಳಿ ಇನ್ನೊಂದು ಪ್ರತಿಮೆಗೆ ದಾರಿ ಮಾಡಿಕೊಡಲು ನನಗೆ ಇಷ್ಟವಿಲ್ಲ. ಮೇಳದಲ್ಲಿ ಕೊಂಡ ಒಂದು ಡೈರಿ ನನ್ನ ಬಳಿ ಇದೆ. ಕೋರಾ ಬಟ್ಟೆಯ ರಟ್ಟು, ಅದರ ಮೇಲೆ ಲಿನೊದಲ್ಲಿ ಒತ್ತಿದ ಕಪ್ಪು ಮೇಕೆ, ಬೆನ್ನಿಗೆ ಕೆಂಪು ದಾರದ ಹೊಲಿಗೆ. ಹಾಳು ಮಾಡಬಾರದೆಂದು ಎರಡು ವರ್ಷ ಕಪಾಟಿನಲ್ಲಿ ಇಟ್ಟಿದ್ದೆ. ಒಂದು ದಿನ ತೆಗೆದು ನೋಡಿದರೆ ಮನೆಯವರು ಅದರ ಮೊದಲ ಹನ್ನೊಂದು ಪುಟಗಳಲ್ಲಿ ಹಾಲಿನ ಲೆಕ್ಕ ಬರೆದಿದ್ದರು. ಮೊದಲು ಸಿಟ್ಟು ಬಂತು. ಆಮೇಲೆ ನಾನೂ ಅದರಲ್ಲೇ ಪೇಪರಿನವನ ಲೆಕ್ಕ ಬರೆಯತೊಡಗಿದೆ.